ನೀರಿರುವವರೇ, ನಮ್ಮೊಳಗೂ ಒಂದು ಸಂಕಷ್ಟ ಸೂತ್ರ ಬೇಕು

2023ರ ಜೂನ್ 8ರಂದು ಎರಡು ಸುದ್ದಿ ಒಟ್ಟಿಗೆ ಬಂದವು. ಮುಂಗಾರು ಒಂದು ವಾರ ತಡವಾಗಿ ಕೇರಳಕ್ಕೆ ಕಾಲಿಟ್ಟಿತು ಎನ್ನುವುದು ಒಂದು. ಶಾಂತಸಾಗರದ ನೀರು ಬೆಚ್ಚಗಾಗಿ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಎಲ್ ನಿನೊ ಶುರುವಾಗಿದೆ ಎಂದು ಅಮೆರಿಕದ ಹವಾಮಾನ ಸಂಸ್ಥೆ ಸಾರಿದ್ದು ಇನ್ನೊಂದು. ಮೊದಲನೆಯದಕ್ಕೆ ನಾವು ಕಿವಿಗೊಟ್ಟೆವು. ಎರಡನೆಯದನ್ನು ಎಲ್ಲೋ ದೂರದ ಕಡಲಿನ ವಿಚಾರ ಎಂದು ಬಿಟ್ಟೆವು. ಆ ಜೂನ್‌ನಲ್ಲಿ ಕರ್ನಾಟಕದಲ್ಲಿ ವಾಡಿಕೆಗಿಂತ ಶೇ 56ರಷ್ಟು ಕಡಿಮೆ ಮಳೆ ಬಿತ್ತು. ಜುಲೈಯಲ್ಲಿ ಶೇ 29ರಷ್ಟು ಹೆಚ್ಚು. ಆ ಜುಲೈ ಮಳೆಯನ್ನೇ ನಂಬಿ ಬಯಲುಸೀಮೆಯ ರೈತ ಬೀಜ ಗೊಬ್ಬರಕ್ಕೆ ಸಾಲ ಮಾಡಿ ಕೂರಿಗೆ ಹೂಡಿದ. ಆಗಸ್ಟ್‌ನಲ್ಲಿ ಆಶ್ಲೇಷ, ಮಘೆ ಎರಡೂ ಬರಿಗೈಯಲ್ಲಿ ಹೋದವು. ಆ ತಿಂಗಳ ಕೊರತೆ ಶೇ 73. ಮೊಳಕೆ ಬಂದ ಪೈರು ಕಣ್ಣೆದುರೇ ಸುರುಟಿತು. 1901ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣ ಆಗಸ್ಟನ್ನು ದೇಶವೇ ಕಂಡಿರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಆಗಸ್ಟ್ ಕೈಕೊಡಬಹುದು ಎಂದು ಜುಲೈ 31ರಂದೇ ಭಾರತೀಯ ಹವಾಮಾನ ಇಲಾಖೆ ಹೇಳಿತ್ತು. ಏಪ್ರಿಲ್‌ನಲ್ಲಿ ಅದು ಕೊಟ್ಟ ಇಡೀ ಹಂಗಾಮಿನ ಅಂದಾಜು ದೀರ್ಘಾವಧಿ ಸರಾಸರಿಯ ಶೇ 96. ಕೊನೆಗೆ ದೇಶದಲ್ಲಿ ಬಿದ್ದದ್ದು ಶೇ 94. ದೇಶದ ಮಟ್ಟಿಗೆ ಮುನ್ಸೂಚನೆ ಹೆಚ್ಚೂಕಡಿಮೆ ಸರಿ. ಆದರೆ ಅದೇ ಹಂಗಾಮಿನಲ್ಲಿ ಕರ್ನಾಟಕಕ್ಕೆ ಬರಬೇಕಾದ 852 ಮಿಲಿಮೀಟರ್‌ನಲ್ಲಿ ಬಂದದ್ದು 642. ಕಾಲು ಭಾಗ ಮಾಯ. ದೇಶದ ಸರಾಸರಿ ಯಾರ ಹೊಲದ ಮೇಲೂ ಬೀಳುವುದಿಲ್ಲ.

ಸೆಪ್ಟೆಂಬರ್ 13ಕ್ಕೆ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಪಟ್ಟಿ ಬೆಳೆಯುತ್ತ ಬೆಳೆಯುತ್ತ 236ರಲ್ಲಿ 223ಕ್ಕೆ ಹೋಗಿ ನಿಂತಿತು. ಅಕ್ಟೋಬರ್‌ನಲ್ಲಿ ಕೇಂದ್ರದ ಅಧ್ಯಯನ ತಂಡ ಬಂದು ಒಣಗಿದ ದಂಟು ಮುಟ್ಟಿ ನೋಡಿ ಹೋಯಿತು. ಜನವರಿಯಲ್ಲಿ ರಾಜ್ಯದಿಂದ ರೈತರಿಗೆ ತಾತ್ಕಾಲಿಕವಾಗಿ ತಲಾ 2,000 ರೂಪಾಯಿವರೆಗೆ. ಮಾರ್ಚ್‌ನಲ್ಲಿ ಪರಿಹಾರಕ್ಕಾಗಿ ರಾಜ್ಯವೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೇಳಿದ್ದು 18,171 ಕೋಟಿ. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ಅಂದರೆ ಆಗಸ್ಟ್‌ನಲ್ಲಿ ಒಣಗಿದ ಪೈರಿನ ಪರಿಹಾರ ರೈತನ ಖಾತೆಗೆ ಬರುವ ಹೊತ್ತಿಗೆ ಮುಂದಿನ ವರ್ಷದ ಭರಣಿ ಮಳೆಯ ಕಾಲ. ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇದು ಅದು.

ಬೆಂಗಳೂರು, ದೆಹಲಿ ಎರಡನ್ನೂ ಬೈದು ಈ ಲೇಖನ ಮುಗಿಸಬಹುದಿತ್ತು. ಬೈಯಬೇಕಾದ್ದೂ ನಿಜ. ಆದರೆ ನಾನು ಮಾತಾಡಬೇಕಾದವರು ಬೇರೆಯವರು. ಬರದ ವರ್ಷದಲ್ಲೂ ನೀರು ಕಂಡವರು. ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ಇರುವವರು, ಸಾವಿರ ಅಡಿ ಕೊರೆಸಲು ದುಡ್ಡಿರುವವರು, ನಲ್ಲಿ ತಿರುಗಿಸಿದರೆ ಕಾವೇರಿ ಬರುವ ಮನೆಯವರು. ನಾನೂ ಆ ಕೊನೆಯ ಗುಂಪಿನವನೇ.

ಅದೇ ವರ್ಷದ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಕೃಷ್ಣರಾಜ ಸಾಗರ ತುಂಬಿರಲಿಲ್ಲ. ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್ ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನಮ್ಮ ವಾದ ಏನಿತ್ತು? ಒಳ್ಳೆ ಮಳೆಯ ವರ್ಷದ ಲೆಕ್ಕವನ್ನು ಬರದ ವರ್ಷಕ್ಕೆ ಹೇರಬೇಡಿ, ಮಳೆ ಕಡಿಮೆಯಾದರೆ ಕೊರತೆಯನ್ನೂ ಹಂಚಿಕೊಳ್ಳಬೇಕು, ಅದಕ್ಕೊಂದು ಸಂಕಷ್ಟ ಸೂತ್ರ ಬೇಕು. ನ್ಯಾಯವಾದ ಮಾತು. 2007ರ ನ್ಯಾಯಮಂಡಳಿಯ ಐತೀರ್ಪು, ಮಳೆ ಕಡಿಮೆಯಾದ ವರ್ಷ ಅದೇ ಪ್ರಮಾಣದಲ್ಲಿ ಎಲ್ಲರ ಪಾಲೂ ಇಳಿಯಬೇಕು ಎಂದಷ್ಟೇ ಹೇಳಿತು. ಎಷ್ಟಾದರೆ ಎಷ್ಟು ಎನ್ನುವ ಸೂತ್ರ ಇಂದಿಗೂ ಒಪ್ಪಿತವಾಗಿಲ್ಲ. ಆ ಸೂತ್ರ ಬೇಕೆಂದು ನಾವು ಬೀದಿಗಿಳಿದೆವು, ಹೆದ್ದಾರಿ ತಡೆದೆವು, ಅಂಗಡಿ ಮುಚ್ಚಿಸಿದೆವು.

ಸರಿ. ಆ ಸೂತ್ರವನ್ನು ನಮ್ಮ ನಮ್ಮೊಳಗೆ ಎಲ್ಲಿ ಪಾಲಿಸಿದ್ದೇವೆ?

ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಹೋಗಿ ನೋಡಬೇಕು. ಮುನಿರಾಬಾದಿನಲ್ಲಿ ಜಲಾಶಯದಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿಲೋಮೀಟರ್ ಹರಿಯಬೇಕಾದ ಕಾಲುವೆ ಅದು. 'ಹರಿಯಬೇಕಾದ' ಎಂದು ಬೇಕೆಂದೇ ಬರೆದೆ. ಯೋಜನೆ ಮಾಡಿದ ಹಿರಿಯರ ಲೆಕ್ಕದಲ್ಲಿ ಆ ಅಚ್ಚುಕಟ್ಟಿನ ಬಹುಪಾಲು ನೆಲಕ್ಕೆ ಲಘು ನೀರಾವರಿ ಬೆಳೆ: ಜೋಳ, ಹತ್ತಿ, ಶೇಂಗಾ. ಸ್ವಲ್ಪ ನೀರನ್ನು ಹೆಚ್ಚು ಹೊಲಕ್ಕೆ ಮುಟ್ಟಿಸಿ ಬರದ ಭಯ ತಗ್ಗಿಸುವುದು ಅದರ ಉದ್ದೇಶ. ಕೆಲವರ ಗದ್ದೆ ತುಂಬಿಸುವುದಲ್ಲ. ಈಗ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಭತ್ತ. ಭತ್ತದ ಕಣಜ ಎಂದು ನಾವೇ ಹೊಗಳಿದ ಸೀಮೆ. ಅಲ್ಲಿಂದ ಕೆಳಗೆ ಸಿರವಾರ, ಮಾನ್ವಿ, ರಾಯಚೂರು ಗ್ರಾಮಾಂತರಕ್ಕೆ ಬಂದರೆ ಉಪಕಾಲುವೆಗಳಲ್ಲಿ ಜಾಲಿ ಬೆಳೆದಿರುತ್ತದೆ. ಕಾಗದದಲ್ಲಿ ಆ ಹೊಲಗಳು ನೀರಾವರಿ. ನಿಜದಲ್ಲಿ ಆಕಾಶವೇ ಗತಿ.

ಪ್ರತಿ ವರ್ಷ ಕೊನೆ ಭಾಗದ ರೈತರು ಒಂದೇ ಬೇಡಿಕೆ ಇಟ್ಟು ಧರಣಿ ಕೂರುತ್ತಾರೆ: 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ನಿಗದಿಯಾದ ಗೇಜ್, ಅಂದರೆ ನೀರಿನ ಮಟ್ಟ, ಕಾಯ್ದುಕೊಳ್ಳಿ. ಇಷ್ಟೇ. ಹೊಸ ಅಣೆಕಟ್ಟು ಕೇಳುತ್ತಿಲ್ಲ, ಸಾಲ ಮನ್ನಾ ಕೇಳುತ್ತಿಲ್ಲ. ಮೇಲಿನವರು ಕಾಲುವೆಗೆ ಪಂಪ್‌ಸೆಟ್ ಇಟ್ಟು, ಪೈಪು ಹೂತು ನೀರು ಎತ್ತುವುದನ್ನು ತಡೆಯಿರಿ ಎನ್ನುತ್ತಿದ್ದಾರೆ. ಜಿಲ್ಲಾಡಳಿತ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹಾಕುತ್ತದೆ, ಪೊಲೀಸರನ್ನು ಕಾವಲಿಗೆ ಕಳಿಸುತ್ತದೆ. ಪೊಲೀಸರು ಅತ್ತ ಹೋದ ಮೇಲೆ ಪಂಪು ಇತ್ತ ಶುರುವಾಗುತ್ತದೆ. ಒಂದೇ ನದಿ, ಒಂದೇ ಭಾಷೆ, ಒಂದೇ ಜಾತ್ರೆ. ನಡುವೆ ಲಾಠಿ ಹಿಡಿದವನು ನಿಂತರೆ ಮಾತ್ರ ನೀರು ಕೆಳಗಿಳಿಯಬೇಕು!

ತಮಿಳುನಾಡಿನ ಡೆಲ್ಟಾ ರೈತ ಕೇಳಿದಾಗ ನಮಗೆ ಸಿಟ್ಟು ಬಂತು. ಸಿರವಾರದ ರೈತ ಕೇಳಿದಾಗ ಯಾರಿಗೂ ಏನೂ ಬರಲಿಲ್ಲ.

ಮೇಲ್ಭಾಗದ ಅಣ್ಣಂದಿರೇ, ನಿಮ್ಮನ್ನು ಕಳ್ಳರೆಂದು ಕರೆಯುವ ಉದ್ದೇಶ ನನಗಿಲ್ಲ. ನಿಮ್ಮ ಕಷ್ಟವೂ ಗೊತ್ತಿದೆ. ಜೋಳ ಬೆಳೆದರೆ ಕೊಳ್ಳುವವರಿಲ್ಲ, ಭತ್ತವಾದರೆ ಗಿರಣಿಯವನು ಕಣಕ್ಕೇ ಬರುತ್ತಾನೆ. ಗದ್ದೆ ಮಾಡಿ ಮಾಡಿ ಎಷ್ಟೋ ನೆಲ ಜೌಗು ಹಿಡಿದು ಸವಳಾಗಿದೆ, ಅಲ್ಲಿ ಬೇರೆ ಬೆಳೆ ಸುಲಭಕ್ಕೆ ಬಾರದು. ಗುತ್ತಿಗೆಗೆ ಮಾಡುವವರು ನಿಮ್ಮಲ್ಲೇ ಎಷ್ಟೋ ಜನ. ಒಡೆಯನಿಗೆ ಕೊಡಬೇಕಾದ ಮೂಟೆ ಲೆಕ್ಕಕ್ಕೆ ಭತ್ತವೇ ಬೇಕು. ಒಪ್ಪಿದೆ. ಆದರೆ 2023ರಲ್ಲಿ ಜಲಾಶಯ ತುಂಬದೆ ಎರಡನೇ ಬೆಳೆಗೆ ನೀರು ಇಲ್ಲವಾದಾಗ ನೀವು ಕಳೆದುಕೊಂಡದ್ದು ಒಂದು ಬೆಳೆ. ಕೊನೆ ಭಾಗದವರು ಕಳೆದುಕೊಂಡದ್ದು ವರ್ಷ. ಆ ಊರುಗಳಿಂದ ಜನ ಮಕ್ಕಳ ಶಾಲೆ ಬಿಡಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಹಾಲು ಕೊಡುವ ಎಮ್ಮೆಯನ್ನು ಸಂತೆಯಲ್ಲಿ ಕಸಾಯಿಯವನ ಬೆಲೆಗೆ ಮಾರಿದರು. ಮನೆಯಲ್ಲಿ ಉಳಿದದ್ದು ಮುದುಕರು, ಬೀಗ, ಮತ್ತು ಬ್ಯಾಂಕಿನ ನೋಟಿಸು. ನಿಮ್ಮ ಎರಡು ತೂಬಿನ ನೀರಿಗೂ ಅವರ ಗುಳೆಗೂ ಸಂಬಂಧವಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲಿರಾ?

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಪುಸ್ತಕ ಓದಿ ಅಲ್ಲ, ಕೆರೆ ನೋಡಿ. ಹಳೆ ಮೈಸೂರು ಸೀಮೆ, ಅದಕ್ಕೆ ತಾಗಿದ ತೆಲುಗು ಸೀಮೆಯ ಕೆಲವು ಕೆರೆಗಳ ಕೆಳಗೆ ದಾಮಾಷಾ ಎಂಬ ಕಟ್ಟಳೆ ಇತ್ತು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಲ್ಲ ಗದ್ದೆಗೂ ನೀರು ಬಿಡುತ್ತಿರಲಿಲ್ಲ. ತೂಬಿನ ಹತ್ತಿರದ ಒಂದಷ್ಟು ನೆಲ ಗುರುತು ಮಾಡಿ, ಆ ವರ್ಷಕ್ಕೆ ಅದನ್ನೇ ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚುತ್ತಿದ್ದರು. ಗದ್ದೆ ಯಾರದು ಎಂಬುದು ಆ ವರ್ಷ ಹಿಂದೆ ಸರಿಯುತ್ತಿತ್ತು, ಊರಿನವರೆಲ್ಲರಿಗೂ ಒಂದು ಪಾಲು ಅನ್ನ ಎಂಬುದು ಮುಂದೆ ಬರುತ್ತಿತ್ತು. ತೂಬು ಎತ್ತುವ ಅಧಿಕಾರ ನೀರಗಂಟಿಗೆ. ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಅವನು ನಿಗಾ ಇಡುತ್ತಿದ್ದ. ಆ ಕಾಲವೆಲ್ಲ ಸತ್ಯಯುಗ ಎಂದು ನಾನು ಹೇಳಲಾರೆ. ನೀರಗಂಟಿಯ ಕೆಲಸ ಬಹಳ ಕಡೆ ದಲಿತರದು, ಅದೇ ಕೆರೆಯ ನೀರು ಮುಟ್ಟಿ ಕುಡಿಯಲು ಅವರಿಗೇ ಎಷ್ಟೋ ಊರಲ್ಲಿ ಹಕ್ಕಿರಲಿಲ್ಲ. ಆ ಕಟ್ಟಳೆಯ ಅನ್ಯಾಯ ಅಲ್ಲೇ ಇರಲಿ, ಅದರೊಳಗಿನ ಲೆಕ್ಕ ನಮಗೆ ಬೇಕು. ಕೊರತೆ ಬಂದಾಗ ಮೊದಲು ತಗ್ಗಬೇಕಾದವನು ನೀರಿನ ಹತ್ತಿರ ಇರುವವನು ಎಂಬ ಲೆಕ್ಕ.

ನೂರಾರು ವರ್ಷದ ಹಿಂದೆ ಒಂದು ಕೆರೆಯ ಕೆಳಗಿನ ಅನಕ್ಷರಸ್ಥ ರೈತರು ಮಾಡಿಕೊಂಡ ಒಪ್ಪಂದವನ್ನು ಇವತ್ತು ಉಪಗ್ರಹ ಚಿತ್ರ, ಟೆಲಿಮೆಟ್ರಿ, ನೀರಾವರಿ ಸಲಹಾ ಸಮಿತಿ ಎಲ್ಲ ಇಟ್ಟುಕೊಂಡ ನಾವು ಮಾಡಲಾರೆವೆ? ಮಾಹಿತಿಗೆ ಕೊರತೆಯೇ ಇಲ್ಲ. ಬರ ಕಾಯಲೆಂದು 1988ರಲ್ಲೇ ಪ್ರತ್ಯೇಕ ಕೋಶ ಕಟ್ಟಿದ ರಾಜ್ಯ ನಮ್ಮದು, ದೇಶದಲ್ಲೇ ಮೊದಲು. ಅದೇ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಾವಿರಾರು ಮಳೆಮಾಪಕಗಳಿವೆ. ನಿಮ್ಮ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದು ಬೆಂಗಳೂರಿನ ಯಲಹಂಕದಲ್ಲಿ ಕುಳಿತವರಿಗೆ ಗೊತ್ತು. ನಿಮಗೆ ಗೊತ್ತೇ? ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಯಾರ ಯಾರದೋ ಫೋಟೊ ಇರುವಲ್ಲಿ ಆ ವಾರದ ಮಳೆ, ಅಂತರ್ಜಲದ ಮಟ್ಟ, ಜಲಾಶಯದ ಒಳಹರಿವು ಇಷ್ಟು ಬರೆದರೆ ಆಗದೇ?

ಈಗ ಮುಂದಿನ ದಿನಗಳ ಮಾತು. ಎಲ್ ನಿನೊ ಬಂದರೆ ಬರ ಖಂಡಿತ ಎಂದೇನಿಲ್ಲ. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬಂದಿದ್ದರೂ ದೇಶದಲ್ಲಿ ವಾಡಿಕೆ ಮಳೆಯಾಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಿದ್ದದ್ದು ಅದಕ್ಕೊಂದು ಕಾರಣ. 2002ರಲ್ಲಿ ಎಲ್ ನಿನೊ ಅಷ್ಟು ಬಲವಾಗಿರಲಿಲ್ಲ, ಆದರೂ ಜುಲೈಯಲ್ಲಿ ದೇಶಕ್ಕೆ ಬರಬೇಕಾದ ಮಳೆಯ ಅರ್ಧವೂ ಬರಲಿಲ್ಲ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ನಮ್ಮ ಒಳನಾಡಿಗೆ ಇದರಲ್ಲಿ ಒಂದು ವಿಶೇಷ ಪೆಟ್ಟಿದೆ. ಮುಂಗಾರಿಗೆ 'ಬಿಡುವು' ಬಿದ್ದರೆ ಮಳೆಯ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿಯುತ್ತದೆ. ಆಗ ಆಗುಂಬೆಯಲ್ಲಿ ಜಿಟಿಜಿಟಿ ನಿಂತರೂ ವರ್ಷದ ಲೆಕ್ಕ ತುಂಬುತ್ತದೆ. ಚಳ್ಳಕೆರೆಯಲ್ಲಿ ಮೂರು ವಾರ ಬಿಸಿಲು ಬಿದ್ದರೆ ಶೇಂಗಾ ಹೂವಿನಲ್ಲೇ ಉದುರುತ್ತದೆ. ಭೂಮಿ ಬಿಸಿಯಾದಂತೆ ಮುಂಗಾರಿನ ಒಟ್ಟು ಮಳೆ ಕಡಿಮೆಯಾಗದೆ ಹೆಚ್ಚಬಹುದು, ಆದರೆ ವರ್ಷದಿಂದ ವರ್ಷಕ್ಕೆ ಏರುಪೇರು ಜಾಸ್ತಿಯಾಗುತ್ತದೆ ಎಂಬುದು ಹವಾಮಾನ ವಿಜ್ಞಾನಿಗಳ ಒಟ್ಟು ಅಂದಾಜು. ಬಂದರೆ ಒಮ್ಮೆಲೇ ಕೊಚ್ಚಿಕೊಂಡು ಹೋಗುವಂತೆ, ಇಲ್ಲದಿದ್ದರೆ ಬಾಯಿ ಬಿಡುವಂತೆ. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಟ್ಯಾಂಕರ್ ನೀರಿನ ಬೇಸಿಗೆ ಕಳೆದು ಆಗಸ್ಟ್‌ನಲ್ಲಿ ಮನೆಗಳೇ ಮುಳುಗಿದ್ದನ್ನು ಕಂಡಿದ್ದೇವೆ.

2024, 2025ರಲ್ಲಿ ಮಳೆ ಕೈಹಿಡಿಯಿತು. ಆದರೂ ತುಂಗಭದ್ರೆ ಪಾಠ ಹೇಳದೆ ಬಿಡಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ತುಂಬಿದ ಜಲಾಶಯದ ನೀರು ಚೆಲ್ಲಿ ಹೋಯಿತು. ಹಳೆಯ 33 ಗೇಟುಗಳ ಮೇಲೆ ಭರವಸೆ ಹೋಗಿ ಮರುವರ್ಷ ಜಲಾಶಯವನ್ನು ಪೂರ್ತಿ ತುಂಬಿಸಲೇ ಇಲ್ಲ. ಮೊದಲೇ ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. ಮೇಲೆ ಮೋಡ ಇದ್ದು ಕೆಳಗೆ ನೀರಿಲ್ಲದ ವರ್ಷಗಳೂ ಬರುತ್ತವೆ ಎಂದಾಯಿತು. ಅಂಥ ವರ್ಷದಲ್ಲಿ ಮತ್ತೆ ಮೊದಲು ಒಣಗುವುದು ಯಾವ ಊರು ಎಂದು ಬಿಡಿಸಿ ಹೇಳಬೇಕೆ?

ಕಾಲುವೆಯವರಿಗಷ್ಟೇ ಹೇಳಿ ಬೇರೆಯವರನ್ನು ಬಿಟ್ಟರೆ ತಪ್ಪಾಗುತ್ತದೆ. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ರಾಗಿ, ಸಜ್ಜೆ, ಅಕ್ಕಡಿ ಸಾಲು ಕಾಣುತ್ತಿದ್ದ ಹೊಲಗಳು ಅಡಿಕೆ ತೋಟಗಳಾಗಿವೆ. ಮಲೆನಾಡಿನ ಬೆಳೆಯನ್ನು ಬಯಲುಸೀಮೆಯ ಕೊಳವೆಬಾವಿಯ ಮೇಲೆ ನಿಲ್ಲಿಸಿದ್ದೇವೆ. 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆ ತೋಟ ಉಳಿಸಲು ಟ್ಯಾಂಕರ್ ನೀರು ಕೊಂಡು ಮರದ ಬುಡಕ್ಕೆ ಹಾಕಿದರು. ಒಬ್ಬೊಬ್ಬನ ಲೆಕ್ಕದಲ್ಲಿ ಅದು ಸರಿಯೇ. ವರ್ಷಗಟ್ಟಲೆ ಸಾಕಿದ ಮರ ಸಾಯಲು ಬಿಡುವುದು ಹೇಗೆ? ಆದರೆ ಆ ಟ್ಯಾಂಕರಿನ ನೀರು ಪಕ್ಕದ ಯಾವುದೋ ಊರಿನ ಕೊಳವೆಬಾವಿಯದು. ಅಲ್ಲಿ ಕೈಪಂಪು ಒಣಗಿದ ದಿನ ಕೊಡ ಹೊತ್ತವಳು ಯಾರನ್ನು ಕೇಳಬೇಕು? ಕೊರೆಸುವವರಿಗೆ ಪರವಾನಗಿ ಬೇಕೆಂಬ ಕಾನೂನು ಇದೆ. ಕಾನೂನಿಗಿಂತ ಮೊದಲು ಬೇಕಾದದ್ದು ಹೊಸ ತೋಟ ಹಾಕುವ ಮುನ್ನ ಆ ತಾಲ್ಲೂಕಿನ ಅಂತರ್ಜಲದ ಲೆಕ್ಕ ನೋಡುವ ನಾಚಿಕೆ.

ಬೆಂಗಳೂರಿನವರಿಗೂ ಒಂದು ಮಾತು, ಗಟ್ಟಿಯಾಗಿ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಬೇಕಾಯಿತು. ಆದೇಶ ಬೇಕಾಯಿತು ಎಂಬುದೇ ನನಗೆ ಅವಮಾನ. ಕಾವೇರಿ ಐದನೇ ಹಂತ ಬಂದು ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿದ ಮೇಲೆ ನಾವು ಆ ಬೇಸಿಗೆಯನ್ನು ಮರೆತೆವು. ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತರುವ ನೀರು ಅದು. ಮಂಡ್ಯದ ಕೊನೆ ಭಾಗದ ಗದ್ದೆಯ ಪಕ್ಕದಲ್ಲೇ ಹಾದು ಬರುತ್ತದೆ. ಇತ್ತ ಸೂರಿನ ಮೇಲೆ ಬೀಳುವ ಮಳೆ ಹಿಡಿಯಿರಿ ಎಂದು 2009ರಲ್ಲೇ ಕಾನೂನಾಗಿದೆ. ಕೊಯ್ಲಿನ ತೊಟ್ಟಿ ಕಟ್ಟಿಸುವ ಬದಲು ತಿಂಗಳು ತಿಂಗಳು ದಂಡ ಕಟ್ಟುವವರು ನಮ್ಮ ಬಡಾವಣೆಗಳಲ್ಲಿ ಎಷ್ಟೋ ಜನ. ಕುಡಿದು ಬಿಟ್ಟ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಕಳಿಸಿ, ಉಪಕಾರ ಮಾಡಿದೆವು ಎಂದುಕೊಳ್ಳುತ್ತೇವೆ. ಅದೂ ಬೇಡವೆಂದು ಹೇಳುವ ಸ್ಥಿತಿಯಲ್ಲಿ ಕೋಲಾರ ಇಲ್ಲ.

ಬರ ಮನುಷ್ಯರನ್ನು ಏನು ಮಾಡಬಲ್ಲದು ಎಂಬುದಕ್ಕೆ ಈ ನೆಲದಲ್ಲೇ ಪುರಾವೆ ಇದೆ. 1876ರ ಧಾತು ಸಂವತ್ಸರದಲ್ಲಿ ಹಿಡಿದ ಬರ 1878ರವರೆಗೆ ಎಳೆಯಿತು. ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ ಐದನೇ ಒಂದು ಭಾಗದಷ್ಟು ಜನ ಹಸಿವಿಗೂ ರೋಗಕ್ಕೂ ಸತ್ತರು. ಬೆಂಗಳೂರು-ಮೈಸೂರು ರೈಲುಹಾದಿಯ ಮಣ್ಣು ಹೊತ್ತದ್ದು ಆ ಬರದ ಕೂಲಿಗಳು. ಈಗ ಹಾಗೆ ಯಾರೂ ಸಾಯುವುದಿಲ್ಲ. ಪಡಿತರ ಅಕ್ಕಿ ಇದೆ, ರಸ್ತೆ ಇದೆ. ಈಗಿನ ಬರ ಊರನ್ನು ಸದ್ದಿಲ್ಲದೆ ಖಾಲಿ ಮಾಡುತ್ತದೆ. ಅದಕ್ಕೇ ನಮ್ಮ ನಿದ್ದೆ ಕೆಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೀರಾವರಿ ಸಲಹಾ ಸಮಿತಿಯ ಸಭೆ ಜಲಾಶಯ ತುಂಬಿತೇ ಇಲ್ಲವೇ ಎಂದು ನೋಡಿಕೊಂಡ ಮೇಲೆ ಸೇರಿ ತೀರ್ಮಾನಿಸುವುದು ಇನ್ನು ಸಾಕು. ಮೇ ಕೊನೆಗೆ ಹವಾಮಾನ ಇಲಾಖೆಯ ಎರಡನೇ ಮುನ್ಸೂಚನೆ ಬರುತ್ತದೆ. ಆಗಲೇ ಸೇರಿ, ಒಳಹರಿವು ಇಷ್ಟಾದರೆ ಯಾವ ಉಪಕಾಲುವೆಗೆ ಎಷ್ಟು ದಿನ, ಇಷ್ಟಕ್ಕಿಂತ ಇಳಿದರೆ ಮೇಲ್ಭಾಗದಲ್ಲಿ ಭತ್ತದ ಎಷ್ಟು ಎಕರೆ ಕಡಿತ ಎಂದು ಮೊದಲೇ ಬರೆದು ಗ್ರಾಮಸಭೆಗಳಲ್ಲಿ ಓದಿ ಹೇಳಲಿ. ನೀರನ್ನು ಕೊನೆ ಭಾಗದಿಂದ ಮೇಲಕ್ಕೆ ಸರದಿಯಲ್ಲಿ ಕೊಡಲಿ. ಆ ವರ್ಷ ಭತ್ತ ಬಿಟ್ಟು ಜೋಳ, ತೊಗರಿ ಹಾಕಿದವನ ಬೆಳೆಯನ್ನು ಬೆಂಬಲ ಬೆಲೆಗೆ ಪೂರ್ತಿ ಕೊಳ್ಳುವ ಭರವಸೆಯನ್ನು ಸರ್ಕಾರ ಬಿತ್ತನೆಗೆ ಮೊದಲೇ ಕೊಡಲಿ. ಉತ್ತರ ಕರ್ನಾಟಕದ ಪಡಿತರದಲ್ಲಿ ಜೋಳ ಹಂಚಿದ ಅನುಭವ ಅದಕ್ಕೆ ಇದ್ದೇ ಇದೆ. ಗುತ್ತಿಗೆ ರೈತನ ಒಡೆಯ ಆ ವರ್ಷ ಮೂಟೆಯ ಲೆಕ್ಕ ಇಳಿಸಲಿ.

ಇದಕ್ಕೆ ಶಾಸಕರು ಒಪ್ಪುವುದಿಲ್ಲ ಎನ್ನುತ್ತೀರಿ. ನಿಜ, ಮೇಲ್ಭಾಗದ ಶಾಸಕನಿಗೆ ಮೇಲ್ಭಾಗದ ಮತ ಬೇಕು. ಅದಕ್ಕೇ ಈ ಮಾತನ್ನು ಶಾಸಕರಿಗೆ ಬರೆಯದೆ ನಿಮಗೆ ಬರೆದೆ. ಮುಂದಿನ ಸಲಹಾ ಸಮಿತಿ ಸಭೆಗೆ ಮುಂಚೆ ಗಂಗಾವತಿಯ, ಕಾರಟಗಿಯ ಹತ್ತು ಜನ ರೈತರು ಸಿರವಾರಕ್ಕೆ ಹೋಗಿ, ಅಲ್ಲಿಯ ಉಪಕಾಲುವೆಯ ತಳದಲ್ಲಿ ಆ ಊರಿನವರ ಜೊತೆ ಕುಳಿತು ಮಾತಾಡಿ ಬನ್ನಿ. ಆಮೇಲೆ ಸಭೆಯಲ್ಲಿ ಎದ್ದು ನಿಂತು 104ನೇ ಮೈಲಿನ ಗೇಜನ್ನು ನೀವೇ ಕೇಳಿ.